ನಮ್ಮನೆ ಪಾಡು

ನಾನು ಕನ್ನಡ ಪಂಡಿತ. ಗಣಿ ಊರಿನ ಶಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದುವುದೇ ನನ್ನ ಹೊಟ್ಟೆಪಾಡು. (ಈ 'ಪಾಡು' ನೆನಪಿರಲಿ. ಇವತ್ತಿನ ಕಥೆಯೆಲ್ಲ ಅದರದ್ದೇ.)

ಕ್ರಿಸ್‌ಮಸ್‌ಗೆ ಹತ್ತು ದಿನ ಮುಂಚೆ ಬಂಗಾರಪೇಟೆಯಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ಸೊಟ್ಟಸೊಟ್ಟ ಅಕ್ಷರ. "ಸಾರ್, ಕ್ರಿಸ್‌ಮಸ್ ಬಂತು. ನಮ್ಮನೆ ಪಾಡು ಮರೀಬೇಡಿ. ಸವರಿಮುತ್ತು."

ಹೇಳಿದವನು ಸವರಿಮುತ್ತು, ಬರೆದವಳು ಅವನ ಹೆಂಡತಿ ಮರಿಯಮ್ಮ. ಚರ್ಚಿನ ಹೆಂಗಸರಿಗೆ ನಾನು ನಡೆಸುತ್ತಿದ್ದ ಅಕ್ಷರ ಕ್ಲಾಸಿನಲ್ಲಿ ಕನ್ನಡ ಕಲಿತವಳು. ಸವರಿಮುತ್ತು, ಕ್ರಿಸ್‌ಮಸ್‌ಗೆ ಮನೆ ಮನೆಗೆ ಹೋಗಿ ಹಾಡುವ ನಮ್ಮ ಕ್ಯಾರಲ್ ಪಾರ್ಟಿಯ ದಪ್ಪ ದನಿ. ಗಣಿಯೊಳಗೆ ಕಲ್ಲು ಕೊರೆದೂ ಕೊರೆದೂ ಎದೆಯಲ್ಲಿ ಧೂಳು ಕೂತಿತು. ಕೆಲಸ ಹೋಯಿತು, ಅದರ ಹಿಂದೆ ಗಣಿಯವರು ಕೊಟ್ಟಿದ್ದ ಲೈನ್ ಮನೆಯೂ ಹೋಯಿತು. ಬಂಗಾರಪೇಟೆಯ ಬೂದಿಕೋಟೆ ರಸ್ತೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದ.

"ಪಾಪ, ಮನೆ ಪಾಡು ಹೇಳಿಕೊಂಡಿದ್ದಾನೆ ಕಣೇ" ಎಂದೆ ನನ್ನಾಕೆಗೆ. ಒಳ್ಳೆಯ ಕಂಬಳಿ ಕೊಂಡೆ. ಒಂದು ಕೇಕ್ ಕಟ್ಟಿಸಿದೆ. ಆ ಕಡೆ ಹೊರಟಿದ್ದವರ ಕೈಯಲ್ಲಿ ಗಂಟು ಕಳಿಸಿದೆ. ಮನಸ್ಸು ಹಗುರಾಯಿತು. ಗಂಟು ಕಳಿಸುವುದು ಎಷ್ಟು ಸುಲಭ ನೋಡಿ! ನಾವು ಹೋಗುವುದೇ ತಪ್ಪುತ್ತದೆ.

ಹಬ್ಬದ ವಾರ ನಮ್ಮ ಪಾರ್ಟಿ ಊರಿನ ಕೋರಮಂಡಲ್, ನಂದಿದುರ್ಗ ಗಣಿಗಳ ಲೈನುಗಳನ್ನೆಲ್ಲ ಸುತ್ತಿತು. ಗಂಟಲು ಕಟ್ಟುವ ತನಕ ಹಾಡಿದೆವು. ಬಂಗಾರಪೇಟೆಗೆ ಹೋಗಲಿಲ್ಲ. ಅಷ್ಟು ದೂರ ಯಾರು ಹೋಗುತ್ತಾರೆ? (ಎಷ್ಟು ದೂರ? ರೈಲಿನಲ್ಲಿ ಒಂದು ಪೊಟ್ಟಣ ಕಡ್ಲೆಕಾಯಿ ಮುಗಿಯುವಷ್ಟು.)

ಹೊಸ ವರ್ಷದ ಮೊದಲ ಭಾನುವಾರ ಸುದ್ದಿ ಬಂತು. ಸವರಿಮುತ್ತು ಹೋಗಿಬಿಟ್ಟ.

ಇಡೀ ಪಾರ್ಟಿ ರೈಲು ಹತ್ತಿತು. ಅವತ್ತು ಯಾರಿಗೂ ದೂರವಾಗಲಿಲ್ಲ. ಸಮಾಧಿಯ ಮುಂದೆ ನಾಲ್ಕು ಹಾಡು ಹಾಡಿದೆವು. ಚೆನ್ನಾಗಿಯೇ ಹಾಡಿದೆವು, ನಾಚಿಕೆಯಿಲ್ಲದೆ.

ಮಣ್ಣು ಮುಗಿಸಿ ಕೋಣೆಗೆ ಬಂದಾಗ ಮರಿಯಮ್ಮ ಬಟ್ಟೆ ಸುತ್ತಿದ ಕೇಕ್ ತಂದು ನನ್ನ ಮುಂದೆ ಇಟ್ಟಳು. ಒಂದು ಚೂರೂ ಕೊಯ್ದಿರಲಿಲ್ಲ.

"ನಿಮ್ಗೇ ಸಾರ್ ಇದು. ಕುಯ್ಯೋಕೇ ಬಿಡ್ನಿಲ್ಲ ಅವ್ರು. ಪಾಡೋಕೆ ಬತ್ತಾರೆ ಕಣೇ, ಬಂದೋರ್ಗೆ ಏನ್ ಕೊಡ್ತೀಯಾ ಅಂದ್ರು. ದಿನಾ ಸಾಯಂಕಾಲ ಕಂಬ್ಳಿ ಒದ್ಕೊಂಡು ಬಾಗ್ಲಲ್ಲೇ ಕುಂತಿದ್ರು."

"ಪಾಡೋಕೆ?" ಎಂದೆ.

"ಊಂ ಸಾರ್. ಕಾರ್ಡಲ್ಲಿ ಬರ್ದಿದ್ನಲ್ಲ, ನಮ್ಮನೆ ಪಾಡು ಮರೀಬೇಡಿ ಅಂತ. ಲೈನಲ್ಲಿದ್ದಾಗ ಮೊದಲ್ನೇದು ನಮ್ಮನೇಲೇ ಅಲ್ವಾ ಪಾಡ್ತಿದ್ದಿದ್ದು?"

ಲೈನುಗಳ ತಮಿಳು ಬೆರೆತ ಮಾತಿನಲ್ಲಿ ಪಾಡು ಅಂದರೆ ಹಾಡು. ತಮಿಳು ಬಿಡಿ, ಹಳಗನ್ನಡದಲ್ಲೂ ಹಾಡೇ! ಪಾಲು ಹಾಲಾಯಿತು, ಪಾಡು ಹಾಡಾಯಿತು ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಒಬ್ಬ ಬಡವ ಹಾಡು ಕೇಳಿದರೆ ನನಗೆ ಕೇಳಿಸಿದ್ದು ಬರೀ ಬಡತನ. ಬಡವನಿಗೆ ಇನ್ನೇನು ಬೇಕಿರುತ್ತದೆ ಎಂಬ ಧಿಮಾಕು.

ಚಿನ್ನ ಅಗೆಯುವ ನಮ್ಮ ಊರಿಗೆ ಕ್ರಿಸ್‌ಮಸ್ ರಾತ್ರಿ ಹುಟ್ಟಿದ ಕೂಸಿಗೆ ಜ್ಞಾನಿಗಳು ತಂದ ಚಿನ್ನದ ಕಥೆ ಬಹಳ ಇಷ್ಟ. ಅದೇ ಕೂಸನ್ನು ನೋಡಲು ಬಂದ ಕುರುಬರು ಏನು ತಂದರು? ಬಂದರು, ಕಂಡರು, ಅಷ್ಟೇ. ದೇವರೂ ಅವತ್ತು ಯಾರ ಕೈಯಲ್ಲೂ ಗಂಟು ಕಳಿಸಲಿಲ್ಲ. ತಾನೇ ಬಂದ. ಇಷ್ಟು ವರ್ಷ ಮನೆ ಮನೆಯ ಮುಂದೆ ನಾವು ಹಾಡಿದ್ದು ಇದನ್ನೇ ಅಲ್ಲವೇ? ಬಾಯಿಗೆ ಬಂತು, ಕಾಲಿಗೆ ಬರಲಿಲ್ಲ.

ಮುಂದಿನ ವರ್ಷದಿಂದ ಊರು ಬಿಟ್ಟವರ ಮನೆಗೂ ಹೋಗೋಣ ಎಂದು ಪಾರ್ಟಿ ತೀರ್ಮಾನಿಸಿದೆ. ನನಗೆ ನಂಬಿಕೆಯಿಲ್ಲ. ಮುಂದಿನ ವರ್ಷವೂ ಅಂಗಡಿಯಲ್ಲಿ ಕಂಬಳಿ ಸಿಗುತ್ತದೆ, ಆ ಕಡೆ ಹೊರಟವರು ಯಾರಾದರೂ ಸಿಗುತ್ತಾರೆ.

ಅವತ್ತು ಹೊರಡುವಾಗ ಮರಿಯಮ್ಮ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು. "ಸಾರ್, ನಾನ್ ಬರ್ದಿದ್ದು ತಪ್ಪಾಗೋಗಿತ್ತಾ?"

"ಇಲ್ಲಮ್ಮ, ಸರಿಯಾಗೇ ಬರೆದಿದ್ದೆ" ಎಂದೆ.

ಉಳಿದದ್ದನ್ನು ಯಾವ ಬಾಯಲ್ಲಿ ಹೇಳಲಿ?