ಮೂರು ಉದ್ಧರಣೆ ನೀರು

ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಸೂರತ್ತಿಗೆ ವರ್ಗ ಮಾಡಿ, ನಾವು ಅಲ್ಲಿನ ಉಧ್ನಾ ಬಡಾವಣೆಯ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ಮನೆ ಹಿಡಿದು ಆರು ತಿಂಗಳಾಗಿತ್ತು. ಮಗಳಿಗೆ ಆಗ ನಾಲ್ಕು ವರ್ಷ. ಬೇಸಿಗೆಯಲ್ಲಿ ಶುರುವಾದ ಅವಳ ಭೇದಿ ಮೂರು ವಾರವಾದರೂ ನಿಲ್ಲಲಿಲ್ಲ. ಜ್ವರವಿಲ್ಲ, ರಕ್ತವಿಲ್ಲ, ದಿನಕ್ಕೆ ಐದಾರು ಸಲ ಜಿಡ್ಡುಜಿಡ್ಡಾದ, ಗಬ್ಬುನಾರುವ ಭೇದಿ. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗುತ್ತಿದ್ದವು. "ಪೇಟ್ ದುಖೇ ಛೇ" ಎಂದು ಅವಳು ಪ್ಲೇಸ್ಕೂಲಿನಲ್ಲಿ ಕಲಿತ ಗುಜರಾತಿಯಲ್ಲಿ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು.

ಹೆದರಿದರೆ ನನಗೆ ಸಿಟ್ಟು ಬರುತ್ತದೆ. ಕೆಳಗಿನ ಪಾನಿಪುರಿ ಗಾಡಿಯನ್ನು ಬೈದೆ, ಎದುರು ಮನೆಯವರು ಪ್ರೀತಿಯಿಂದ ಕೊಟ್ಟ ಮಜ್ಜಿಗೆಯನ್ನು ಬೈದೆ, ಕಡೆಗೆ ಹೆಂಡತಿಯನ್ನೂ ಬಿಡಲಿಲ್ಲ.

"ನೀ ನೀರು ಸರಿಯಾಗಿ ಕುದಸಂಗಿಲ್ಲ."

"ಹತ್ತು ನಿಮಿಷ ಕುದಸ್ತೇನ್ರಿ. ಇನ್ನ ನಾನೂ ಅದರಾಗ ಕೂತು ಕುದೀಲೇನು?"

ಮಲ ಪರೀಕ್ಷೆ ಮಾಡಿಸೋಣವೆಂದು ಅವಳು ಮೊದಲ ವಾರದಿಂದಲೇ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳದೆ ಮೆಡಿಕಲ್ ಶಾಪಿನ ಸಿರಪ್ಪು ತಂದು ಕುಡಿಸಿದೆ. ಅದೇ ಮಾತನ್ನು ಡಾಕ್ಟರು ಹೇಳಿದಾಗ ಡಬ್ಬಿ ಹಿಡಿದು ಲ್ಯಾಬಿಗೆ ಓಡಿದೆ. "ಶಂಖದಿಂದ ಬಂದ್ರನ ತೀರ್ಥ," ಎಂದು ಹೆಂಡತಿ ಚುಚ್ಚಿದಳು.

ಮೊದಲ ಸಲ ಏನೂ ಸಿಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಕೊಟ್ಟಾಗ ಸಿಕ್ಕಿತು: ಜಿಯಾರ್ಡಿಯಾ. ಬರಿಗಣ್ಣಿಗೆ ಕಾಣದ ಪರೋಪಜೀವಿ. ಕರುಳಿಗೆ ಅಂಟಿಕೊಂಡು ಉಂಡದ್ದನ್ನು ಮೈಗೆ ಹತ್ತಗೊಡುವುದಿಲ್ಲ. ಔಷಧಿ ಮುಗಿಯುವಷ್ಟರಲ್ಲಿ ಭೇದಿ ನಿಂತಿತು. ಮಗಳು ಕೇಳಿ ಹಾಕಿಸಿಕೊಂಡು ಎರಡು ಚಪಾತಿ ತಿಂದಳು. ನಾನು ಯುದ್ಧ ಗೆದ್ದವನಂತೆ ಓಡಾಡಿದೆ.

ತಿಂಗಳು ತುಂಬುವುದರೊಳಗೆ ಮತ್ತೆ ಶುರುವಾಯಿತು. ಈ ಸಲ ಮೆಟ್ಟಿಲು ಹತ್ತಲೂ ಅವಳಿಗೆ ತ್ರಾಣವಿರಲಿಲ್ಲ. ಡಾಕ್ಟರು ಅವಳ ತೂಕ ನೋಡಿದರು, ಹಳೆಯ ಚೀಟಿ ನೋಡಿದರು, ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: "ಔಷಧಿ ತನ್ನ ಕೆಲಸ ಮಾಡಿದೆ. ಹುಳ ಹೊಸದಾಗಿ ಮತ್ತೆ ಒಳಗೆ ಹೋಗುತ್ತಿದೆ. ಕುದಿಸದ ನೀರು ಎಲ್ಲಿಂದ ಬಾಯಿಗೆ ಬೀಳುತ್ತಿದೆ, ಹುಡುಕಿ. ಇನ್ನೂ ತೂಕ ಇಳಿದರೆ ಅಡ್ಮಿಟ್ ಮಾಡಬೇಕಾಗುತ್ತದೆ."

"ನಮ್ಮ ಮನೆಯಲ್ಲಿ ಒಂದು ಹನಿಯೂ ಇಲ್ಲ," ಎಂದೆ. ಹೆಂಡತಿಯ ಮುಖ ನೋಡುತ್ತಲೇ ಹೇಳಿದೆ. ಅವಳು ತಲೆ ತಗ್ಗಿಸಿದಳು. ಅಷ್ಟು ಹೊತ್ತಿಗೆ ಅವಳೂ ತನ್ನದೇ ತಪ್ಪೆಂದು ನಂಬಿದ್ದಳು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಎಂದಿನಂತೆ ಪೂಜೆಯ ಪಂಚಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ನಲ್ಲಿಯಲ್ಲಿ ನೀರು ಹಿಡಿದೆ. ಒಲೆಯ ಮೇಲಿಟ್ಟ ನೀರು ದೇವರಿಗೆ ಬರುವುದಿಲ್ಲ; ಅಪ್ಪ ಕಲಿಸಿದ ಮಡಿ ಅದು. ಅಭಿಷೇಕ ಮುಗಿಸಿ ತುಳಸಿ ಹಾಕಿದೆ. ಮಗಳು ಗೋಡೆ ಹಿಡಿದುಕೊಂಡು ಬಂದು ನಿಂತಳು. ಬಲಗೈಯನ್ನು ಬಟ್ಟಲು ಮಾಡಿ, ಅದರ ಕೆಳಗೆ ಎಡಗೈ. ಕನ್ನಡ ಮರೆಯುತ್ತಿದ್ದ ಮಗು ಇದೊಂದನ್ನು ತಪ್ಪದೆ ಕಲಿತಿತ್ತು, ಅದು ನನ್ನ ಹೆಮ್ಮೆ. ಸಕಲ ರೋಗಗಳೂ ದೂರವಾಗಲಿ ಎಂಬ ಅರ್ಥದ ಮಂತ್ರ ಹೇಳುತ್ತ ಉದ್ಧರಣೆಯಲ್ಲಿ ತೀರ್ಥ ತುಂಬಿಕೊಂಡು ಅವಳ ಕೈಯ ಮೇಲೆ ಹಿಡಿದೆ.

ಆಗ ಡಾಕ್ಟರ ಮಾತು ನೆನಪಾಯಿತು. ಹಿಡಿದ ಕೈ ಹಿಡಿದಲ್ಲೇ ನಿಂತಿತು. ಅಪಾರ್ಟ್‌ಮೆಂಟಿನ ಬಿರುಕು ಬಿಟ್ಟ ಸಂಪಿನ ಹಸಿ ನೀರು, ದಿನಾ ಬೆಳಿಗ್ಗೆ, ಬರಿಹೊಟ್ಟೆಗೆ.

"ಅಪ್ಪಾ, ತೀರ್ಥ," ಎಂದಳು ಮಗಳು.

ಹೆಂಡತಿಯನ್ನು ಕರೆದೆ. ಪಂಚಪಾತ್ರೆಯನ್ನು ಅವಳ ಮುಂದೆ ಚಾಚಿ, "ನಾನ ಕೊಟ್ಟೇನಿ," ಎಂದೆ. ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮಗಳ ಚಾಚಿದ ಕೈಯನ್ನು ಮೆಲ್ಲಗೆ ಮಡಿಸಿ, ಅವಳನ್ನು ಎತ್ತಿಕೊಂಡಳು.

"ದಿನಾ ಮೂರು ಉದ್ಧರಣಿ ಅಲ್ಲೇನ್ರಿ?" ಅಷ್ಟೇ ಕೇಳಿದಳು.

ನಾನು ಉದ್ಧರಣೆಯಲ್ಲಿದ್ದ ನೀರನ್ನು ಮತ್ತೆ ಪಂಚಪಾತ್ರೆಗೆ ಸುರಿದೆ. ಮಗಳು ತೀರ ಸುಸ್ತಾದ ದಿನಗಳಲ್ಲಿ, ಬೇಗ ಗುಣವಾಗಲಿ ಎಂದು, ನಾನು ಇನ್ನೂ ಒಂದು ಹೆಚ್ಚು ಕೊಡುತ್ತಿದ್ದೆ.