ಅಂಕಣ ಓದುತ್ತಿದ್ದ ಮೇಸ್ತ್ರಿ

ಹೋದ ತಿಂಗಳು ರಾಮನಗರದ ನನ್ನ ಪ್ಲೈವುಡ್ ಅಂಗಡಿಯ ಮುಂದೆ ಕಬಡ್ಡಿ ಮ್ಯಾಟಿನ ಲೋಡು ಬಂದು ಇಳಿಯಿತು. ಹುಡುಗರ ಒಂದು ಕ್ಲಬ್ಬಿಗೆ ಬೇಕಿತ್ತು, ಅವರ ಪರವಾಗಿ ಚೌಕಾಸಿ ಮಾಡಿದವನು ನಾನು. ನೀವೂ ಎಂದಾದರೂ ಮ್ಯಾಟ್ ಕೊಳ್ಳುವುದಾದರೆ ಬಣ್ಣಕ್ಕೆ ಮರುಳಾಗಬೇಡಿ. ತುಂಡುಗಳು ಒಂದಕ್ಕೊಂದು ಕೂರುವ ಹಲ್ಲು ನೋಡಿ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ತಕ್ಷಣ ಮೇಲೆದ್ದು ಬರಬೇಕು. ನಾನೂ ಬಗ್ಗಿ ಹಾಗೇ ಒತ್ತಿ ನೋಡಿದೆ. ಗುಳಿ ಮಾಯವಾಯಿತು. ಒಳ್ಳೆಯ ಮಾಲು. ಆದರೆ ಬಗ್ಗಿದ ಮೂಗಿಗೆ ಹೊಸ ರಬ್ಬರಿನ ವಾಸನೆ ಬಡಿದದ್ದೇ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ವಾಸನೆ ಎಲ್ಲಿಂದಲೋ ಎದ್ದು ಬಂತು. ಆಗತಾನೆ ಕಡೆದ ಆಲೆಮರದ ಹೊಟ್ಟು, ಅದರ ಜೊತೆಗೆ ಬಿಸಿಯಾದ ಅರಗು... ನಾನು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದೆ. ಸೊಂಟ ಹಿಡಿಯಿತೇನೋ ಎಂದು ಅಂಗಡಿಯ ಆಳುಗಳು ಓಡಿ ಬಂದರು.

ಅದು ಚನ್ನಪಟ್ಟಣದ ಗೊಂಬೆ ಮೇಸ್ತ್ರಿಯ ಶೆಡ್ಡಿನ ವಾಸನೆ. ಬುಗುರಿ, ಗಿಲಕಿ, ತೊಟ್ಟಿಲಿಗೆ ಕಟ್ಟುವ ಗಿಣಿ, ಇವು ಅವರ ಕಸುಬು. ಕಡೆದು ಉಳಿದ ಹೊಟ್ಟನ್ನು ಬೇರೆಯವರು ನೀರೊಲೆಗೆ ಹಾಕಿದರೆ ಅವರು ಮೂಟೆ ಕಟ್ಟಿ ಇಡುತ್ತಿದ್ದರು. ರಾಮನಗರ, ಮಾಗಡಿ, ಕನಕಪುರ, ಎಲ್ಲಿ ಕಬಡ್ಡಿ ಪಂದ್ಯ ಇದ್ದರೂ ಹಿಂದಿನ ದಿನವೇ ಬಸ್ಸಿನ ಟಾಪಿಗೆ ಮೂಟೆ ಏರಿಸಿಕೊಂಡು ಹೋಗುವರು. ಮಣ್ಣು ಜರಡಿ ಹಿಡಿದು, ಹೊಟ್ಟು ಬೆರೆಸಿ, ಆಟಗಾರರ ಮಂಡಿ ಕಿತ್ತುಹೋಗದಂತೆ ಅಂಕಣ ಮೆತ್ತಗೆ ಮಾಡಿಕೊಡುವರು. ಅದಕ್ಕೆ ಪೈಸೆ ಮುಟ್ಟುತ್ತಿರಲಿಲ್ಲ. ಗೆರೆಯ ಪಕ್ಕದಲ್ಲಿ ಕೂರಲು ಜಾಗ ಕೊಟ್ಟರೆ ಸಾಕು. ಎಂಥ ಪೆದ್ದು ವ್ಯಾಪಾರ ಎಂದು ಚಿಕ್ಕ ವಯಸ್ಸಿನಲ್ಲಿ ನಗುತ್ತಿದ್ದೆ. ಹೊಟ್ಟಿನ ಬೆಲೆಗೆ ನಲವತ್ತು ವರ್ಷದ ಆಟವನ್ನೆಲ್ಲ ಅವರು ಕೊಂಡಿಟ್ಟುಕೊಂಡಿದ್ದರು ಎನ್ನುವುದು ಆಮೇಲೆ ಹೊಳೆಯಿತು.

ಪಂದ್ಯ ಮುಗಿದು ಜನ ಕಪ್ಪಿನ ಹಿಂದೆ ಹೋದರೆ, ಮೇಸ್ತ್ರಿ ಖಾಲಿ ಅಂಕಣಕ್ಕೆ ಇಳಿಯುವರು. ಕೈ ಹಿಂದೆ ಕಟ್ಟಿಕೊಂಡು ಹೆಜ್ಜೆ ಗುರುತುಗಳನ್ನು ನೋಡುತ್ತ ನಡೆಯುವರು. ಯಾರು ಎಲ್ಲಿ ಹೆದರಿದ, ಯಾರು ಎಲ್ಲಿ ಎದುರಾಳಿಯನ್ನು ನಂಬಿಸಿ ತಿರುಗಿದ, ಎಲ್ಲ ಆ ಹೊಟ್ಟಿನ ಮೇಲೆ ಅವರಿಗೆ ಕಾಣುತ್ತಿತ್ತು. ಹಾಗಾಗಿ ಯಾವ ಕಾಲದ ಯಾವ ಆಟಗಾರ ದೊಡ್ಡವನು ಎಂಬ ಜಗಳ ಎದ್ದರೆ, ಭಾನುವಾರ ಅವರ ಶೆಡ್ಡಿಗೇ ಬಂದು ತೀರಬೇಕು. ಆಟಗಾರರನ್ನು ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ನಾನು ಕೈಲಾಂಚದವನು.

ನಾನು ಕೆಟ್ಟ ಆಟಗಾರನಾಗಿರಲಿಲ್ಲ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ರೈಡಿಗೆ ಹೋದರೆ ಬರಿಗೈಯಲ್ಲಿ ಬಂದದ್ದು ಕಡಿಮೆ. ಆಟಕ್ಕೆ ಮುಂಚೆ ಎದುರು ತಂಡದವರ ಹತ್ತಿರ ಹೋಗಿ ಬೀಡಿಗೆ ಬೆಂಕಿ ಕೇಳುವೆ, ಯಾರು ಕುಂಟುತ್ತಿದ್ದಾನೆ, ಯಾರಿಗೆ ಕೆಮ್ಮು ಎಂದು ನೋಡಿಕೊಳ್ಳುವೆ. ಆಮೇಲೆ ಅವನ ಮೂಲೆಗೇ ಹೋಗಿ ಕಾಲ್ಬೆರಳು ಮುಟ್ಟಿಸಿ ವಾಪಸ್. ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳ ಪರವಾಗಿ ರೇಷ್ಮೆಗೂಡು ಆರಿಸಿ ಬದುಕು ಶುರು ಮಾಡಿದವನು ನಾನು. ಮೇಲೆ ಬೆಳ್ಳಗಿರುವ ರಾಶಿಯ ತಳಕ್ಕೆ ಕೈ ಹಾಕುವ ಬುದ್ಧಿಯನ್ನೇ ಅಂಕಣಕ್ಕೂ ತಂದಿದ್ದೆ. ನನ್ನ ಕಾಲದಲ್ಲಿ ನಾನೇ ಮೊದಲು, ಅದನ್ನು ಮೇಸ್ತ್ರಿಯೂ ಒಪ್ಪುತ್ತಿದ್ದರು. ಆದರೆ ಎಲ್ಲ ಕಾಲವನ್ನೂ ಒಟ್ಟು ಹಾಕಿದಾಗ ಮಾತ್ರ ನಾನು ಎರಡನೆಯವನು. ಮೊದಲನೆಯವನು ಉಯ್ಯಂಬಳ್ಳಿಯವನು.

ಈ ಉಯ್ಯಂಬಳ್ಳಿಯವನನ್ನು ನಮ್ಮ ವಯಸ್ಸಿನ ಯಾರೂ ನೋಡಿರಲಿಲ್ಲ. ನಾನು ಚಡ್ಡಿ ಹಾಕುವ ಹೊತ್ತಿಗೆ ಅವನು ಆಟ ಬಿಟ್ಟಾಗಿತ್ತು. ಒಂದು ಫೋಟೋ ಇಲ್ಲ, ಪೇಪರಿನಲ್ಲಿ ಒಂದು ಸಾಲು ಇಲ್ಲ. ಮೇಸ್ತ್ರಿಯ ಬಾಯಿಯೊಂದೇ ಸಾಕ್ಷಿ. ಕನಕಪುರದ ಫೈನಲ್ಲಿನಲ್ಲಿ ಮೂವರು ಅವನ ಮೇಲೆ ಬಿದ್ದಿದ್ದರಂತೆ, ಒಬ್ಬ ಕಾಲಿಗೆ, ಒಬ್ಬ ತೊಡೆಗೆ, ಒಬ್ಬ ಸೊಂಟಕ್ಕೆ. ಆಗ ಈಗಿನ ಹಾಗೆ ಮೂವತ್ತು ಸೆಕೆಂಡಿನ ಲೆಕ್ಕ ಇರಲಿಲ್ಲ, ಉಸಿರು ಇರುವಷ್ಟು ಹೊತ್ತು ರೈಡು. ಮೂವರನ್ನೂ ಎಳೆದುಕೊಂಡು, ಮೊಣಕೈಯಲ್ಲಿ ತೆವಳಿಕೊಂಡು ನಡುಗೆರೆ ಮುಟ್ಟಿದನಂತೆ. ಮುಟ್ಟಿದ ಮೇಲೂ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇದ್ದನಂತೆ, ಸಾಕು ನಿಲ್ಲಿಸಪ್ಪ ಎಂದು ಅಂಪೈರೇ ಬೆನ್ನು ತಟ್ಟಬೇಕಾಯಿತಂತೆ. ಇದನ್ನು ಹೇಳುವಾಗ ಮೇಸ್ತ್ರಿ ಕೂತಿರುತ್ತಿರಲಿಲ್ಲ. ಕೈಲಿದ್ದ ಉಳಿ ಪಕ್ಕಕ್ಕಿಟ್ಟು ಎದ್ದು ನಿಲ್ಲುವರು. ನನ್ನ ಆಟದ ಮಾತು ಬಂದರೆ ಕೂತೇ ಹೇಳುವರು, ಕೈಯಲ್ಲಿ ಗಿಲಕಿ ತಿರುಗುತ್ತಲೇ ಇರುತ್ತಿತ್ತು.

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಗೊತ್ತಾದದ್ದು ಅಲ್ಲಿ. ಪಕ್ಕದ ಅಂಗಡಿಯವನು ಮೇಲೆ ಬಂದರೆ ನನಗೆ ಅಷ್ಟು ಉರಿಯಲಿಲ್ಲ, ಅವನನ್ನು ಹಿಂದಿಕ್ಕುವ ದಾರಿ ಹುಡುಕಿದೆ. ಕಣ್ಣಿಗೇ ಬೀಳದವನನ್ನು ಹಿಂದಿಕ್ಕುವುದು ಹೇಗೆ? ಬಾಯಲ್ಲೇ ಚೌಕಾಸಿಗೆ ಇಳಿದೆ. ಅವನ ಕಾಲದಲ್ಲಿ ಒಳ್ಳೆಯ ಹಿಡಿತಗಾರರೇ ಇರಲಿಲ್ಲ ಎಂದೆ. ಕೈಕೈ ಹಿಡಿದು ಚೈನ್ ಹಾಕುವುದು ಅವರಿಗೆ ಗೊತ್ತಿರಲಿಲ್ಲ, ನಮ್ಮ ಕಾಲಕ್ಕೆ ಬಂದಿದ್ದರೆ ಎರಡನೇ ರೈಡಿಗೇ ಔಟು ಎಂದೆ. ಮೇಸ್ತ್ರಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಲೇ ಹೇಳಿದರು:

"ನಿನ್ ಕಾಲದ ಹಿಡಿತವ ಅವ್ನ ಮ್ಯಾಲಾಕ್ತೀಯಲ್ಲ, ಅವ್ನ ಉಸ್ರ ಒಸಿ ನಿನ್ ಎದೆಗಾಕ್ಕೊಂಡು ನೋಡ್ಲಾ."

ಸುತ್ತ ಕೂತವರು ನಕ್ಕರು. ನಾನು ಬಿಡಲಿಲ್ಲ, ಹಾಗಾದರೆ ಪಾಯಿಂಟು ಯಾರದು ಜಾಸ್ತಿ ಹೇಳಿ ಎಂದೆ. ಪಾಯಿಂಟು ನಿನ್ನದೇ ಜಾಸ್ತಿ ಇರಬಹುದು ಎಂದರು. ಆಮೇಲೆ ತಲೆ ಎತ್ತಿ ನೋಡಿದರು.

"ನಿನ್ ಅಂಕ್ಣದಲ್ಲಿ ಹಿಮ್ಮಡಿ ಗುರ್ತೇ ಜಾಸ್ತಿ ಕಣ್ಲಾ. ಹೋಗಕ್ ಮುಂಚೇನೇ ವಾಪಸ್ ಬರೋ ಯೋಚ್ನೆ. ನೀನು ಯಾಪಾರ ಮಾಡ್ದೆ, ಅವ್ನು ಆಡ್ದ."

ನನಗಾಗ ನಲವತ್ತರ ಹತ್ತಿರ. ಆಟ ಬಿಟ್ಟು ವರ್ಷಗಳಾಗಿದ್ದವು, ಸ್ವಂತ ಅಂಗಡಿ ಆಗಿತ್ತು, ಊರಲ್ಲಿ ನಾಲ್ಕು ಜನ ಕೂರಿಸಿ ಮಾತಾಡಿಸುತ್ತಿದ್ದರು. ಆದರೂ ಆ ರಾತ್ರಿ ಅನ್ನ ಸೇರಲಿಲ್ಲ.

ಆ ವರ್ಷವೇ ನಾಲ್ಕು ತಾಲ್ಲೂಕಿನ ದೊಡ್ಡ ಪಂದ್ಯವೊಂದು ಗೊತ್ತಾಯಿತು. ಈ ಸೀಮೆಯ ಅತಿ ದೊಡ್ಡ ಆಟಗಾರನನ್ನು ಕರೆದು, ಶಾಲು ಹೊದಿಸಿ, ಮೊದಲ ರೈಡು ಹಾಕಿಸಬೇಕೆಂದು ಕಮಿಟಿಯವರು ತೀರ್ಮಾನಿಸಿದರು. ಯಾರನ್ನು ಎನ್ನುವುದನ್ನು ಮೇಸ್ತ್ರಿಗೆ ಬಿಟ್ಟರು. ಅವರು ಯಾರ ಹೆಸರು ಹೇಳುತ್ತಾರೆಂದು ನನಗೆ ಗೊತ್ತಿತ್ತು.

ಉಯ್ಯಂಬಳ್ಳಿಗೆ ಹೋಗಿ, ಶಾಲು ನನಗೆ ಬೇಡ ಎನ್ನುವಂತೆ ಆ ಮುದುಕನನ್ನೇ ಒಪ್ಪಿಸಿಬಿಡೋಣ ಎಂದುಕೊಂಡೆ. ನನ್ನ ಬಾಯಿಗೆ ಬಗ್ಗದ ಮಾರಾಟಗಾರ ಇರಲಿಲ್ಲ. ಬಸ್ಸು ಹತ್ತಿದೆ. ಸಾತನೂರಿನಲ್ಲಿ ಇಳಿದು, ಮುಂದಿನ ಬಸ್ಸು ಕಾಯುತ್ತ ಟೀ ಕುಡಿದೆ. ಬಸ್ಸು ಬಂತು, ಜನ ಹತ್ತಿದರು, ನಾನು ಹತ್ತಲಿಲ್ಲ. ಆ ಮನುಷ್ಯ ನಿಜವಾಗಿಯೂ ಮೇಸ್ತ್ರಿ ಹೇಳಿದ ಹಾಗೇ ಇದ್ದುಬಿಟ್ಟರೆ? ಒಂದು ಸಲ ಕಣ್ಣಿಂದ ನೋಡಿದ ಮೇಲೆ, ಅದೆಲ್ಲ ಮೇಸ್ತ್ರಿಯ ಕಟ್ಟುಕಥೆ ಎಂದುಕೊಳ್ಳುವ ಅನುಕೂಲವೂ ಹೋಗುತ್ತದಲ್ಲ... ಇನ್ನೊಂದು ಟೀ ಕುಡಿದು, ಬಂದ ದಾರಿಯಲ್ಲೇ ವಾಪಸ್ ಬಂದೆ.

ಮಾರನೆಯ ದಿನ ಶೆಡ್ಡಿಗೆ ಹೋಗಿ, ಉಯ್ಯಂಬಳ್ಳಿಗೆ ಹೋಗಿದ್ದೆ ಎಂದೆ.

ಮೇಸ್ತ್ರಿ ಕಡೆಯುವ ಮೋಟರು ನಿಲ್ಲಿಸಿದರು. ತಿರುಗುತ್ತಿದ್ದ ಬುಗುರಿ ಪೂರ್ತಿ ನಿಲ್ಲುವವರೆಗೆ ಅದನ್ನೇ ನೋಡಿದರು.

"ನೋಡ್ದಾ ಅವ್ನ?"

"ನೋಡ್ದೆ ಮೇಸ್ತ್ರಣ್ಣ."

"ಹೆಂಗವ್ನೆ?"

"ಚೆನ್ನಾಗವ್ರೆ. ಮಂಡಿನೋವು ಒಸಿ ಜಾಸ್ತಿ ಅಂತಿದ್ರು."

ಸುಳ್ಳು ಹೇಳುವಾಗ ಒಂದು ಸಣ್ಣ ನೋವು ಸೇರಿಸಬೇಕು, ಜನ ನಂಬುತ್ತಾರೆ. ಇದು ಮಾರುಕಟ್ಟೆ ನನಗೆ ಕಲಿಸಿದ್ದು. ಏನಂದ ಎಂದು ಮೇಸ್ತ್ರಿ ಕೇಳಿದರು. ಕೈಲಾಂಚದವನ ಆಟ ನಾನೂ ಒಂದು ಸಲ ನಿಂತು ನೋಡಿದ್ದೇನೆ, ನನಗಿಂತ ಅವನೇ ಮೇಲು, ಶಾಲು ಅವನಿಗೇ ಹೊದಿಸಿ ಎಂದರು ಎಂದೆ. ಮೇಸ್ತ್ರಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅಂಕಣ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ಹೆಗಲ ಟವೆಲಿನಿಂದ ಕೈ ಒರೆಸಿಕೊಂಡರು.

"ಅವ್ನೇ ಅಂದ್ಮ್ಯಾಲೆ ಆಯ್ತು ಬುಡು," ಎಂದು ಹೇಳಿ ನನಗೆ ಟೀ ತರಿಸಿದರು.

ಶಾಲು ನನಗೆ ಬಂತು. ಮೊದಲ ರೈಡೂ ಹಾಕಿದೆ. ಮೈಕಿನವನು ನಾಲ್ಕು ತಾಲ್ಲೂಕಿಗೆ ಒಬ್ಬನೇ ಎಂದ. ಮೇಸ್ತ್ರಿ ಗೆರೆಯ ಪಕ್ಕ ಕೂತು ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಯಾರು ಕೇಳಿದರೂ ಮೊದಲು ಕೈಲಾಂಚದವನು, ಆಮೇಲೆ ಉಯ್ಯಂಬಳ್ಳಿಯವನು ಎಂದೇ ಹೇಳಿದರು, ಮಾತು ತಪ್ಪಲಿಲ್ಲ. ಆದರೆ ನನ್ನ ಕಥೆಯನ್ನು ಕೂತೇ ಹೇಳಿದರು. ಎರಡನೆಯವನ ಕಥೆ ಬಂದಾಗ ಅವರಿಗೇ ಗೊತ್ತಿಲ್ಲದೆ ಎದ್ದು ನಿಲ್ಲುತ್ತಿದ್ದರು. ಮೊದಲನೆಯವನಾಗಿಯೂ ನಾನು ಹೊಟ್ಟೆ ಉರಿಸಿಕೊಳ್ಳುತ್ತ ಕೂತಿರುತ್ತಿದ್ದೆ.

ಮೇಸ್ತ್ರಿ ತೀರಿಕೊಂಡು ಆರು ವರ್ಷವಾಯಿತು. ಕೊನೆಕೊನೆಗೆ ಕಣ್ಣು ಮಂಜಾಗಿತ್ತು. ಊರುಗಳೆಲ್ಲ ಒಂದೊಂದಾಗಿ ಮ್ಯಾಟಿಗೆ ತಿರುಗಿದ್ದವು, ಅವರ ಹೊಟ್ಟಿನ ಮೂಟೆ ಕೇಳುವವರಿರಲಿಲ್ಲ. ಒಮ್ಮೆ ಯಾರೋ ಅವರನ್ನು ಮ್ಯಾಟಿನ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದರು. ಆಟ ಮುಗಿದ ಮೇಲೆ ಅಭ್ಯಾಸದಂತೆ ಇಳಿದು ಒಂದು ಸುತ್ತು ನಡೆದು, ಒಂದು ಹೆಜ್ಜೆ ಗುರುತೂ ಸಿಗದೆ ಬಂದು ಕೂತರಂತೆ...

ಉಯ್ಯಂಬಳ್ಳಿಗೆ ನಾನು ಕೊನೆಗೂ ಹೋದದ್ದು ಹೋದ ವರ್ಷ. ಯಾರದೋ ಹೊಸ ಮನೆಯ ಬಾಗಿಲಿನ ಅಳತೆಗೆ. ಕೆಲಸ ಮುಗಿಸಿ, ಸುಮ್ಮನೆ ಇರಲಾರದೆ, ಆ ಆಟಗಾರನ ಮನೆ ಕೇಳಿಕೊಂಡು ಹೋದೆ. ಮಗ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅಪ್ಪ ಹೋಗಿ ಎಷ್ಟು ವರ್ಷವಾಯಿತು ಎಂದು ಕೇಳಿದೆ. ಅವನು ಹೇಳಿದ ವರ್ಷವನ್ನು ನಾನು ಮನಸ್ಸಿನಲ್ಲಿ ಎರಡು ಸಲ ಕೂಡಿ ಕಳೆದೆ. ನನಗೆ ಶಾಲು ಹೊದಿಸಿದ್ದಕ್ಕಿಂತ ಒಂದು ವರ್ಷ ಹಿಂದೆ. ನಾನು ಸಾತನೂರಿನಲ್ಲಿ ಟೀ ಕುಡಿಯುವಾಗ ಆ ಮನುಷ್ಯ ಮಣ್ಣಾಗಿದ್ದ.

ಕೇಳಬಾರದಿತ್ತು, ಆದರೂ ಕೇಳಿದೆ. ಚನ್ನಪಟ್ಟಣದ ಗೊಂಬೆ ಮೇಸ್ತ್ರಿ ಗೊತ್ತಾ?

"ಗೊತ್ತಿಲ್ದೆ ಏನು? ಮಣ್ಣಿಗೂ ಬಂದಿದ್ರು, ತಿಥಿಗೂ ಬಂದಿದ್ರು. ಬನ್ನಿ, ಮಜ್ಗೆ ಕುಡ್ಕೊಂಡ್ ಹೋಗಿ."

ಮಜ್ಜಿಗೆ ಕುಡಿದೆ. ವಾಪಸ್ ಬರುವ ದಾರಿಯುದ್ದಕ್ಕೂ ಆ ಟವೆಲು, ಆ ಟೀ ಕಣ್ಣ ಮುಂದೆ ಬಂದವು. ಮೇಸ್ತ್ರಿಗೆ ಎಲ್ಲ ಗೊತ್ತಿತ್ತು. ಬದುಕಿಡೀ ನಾನು ತೂಕದ ಮೇಲೆ ಕೊಸರು ಕೇಳಿ ಕೇಳಿ ಹಾಕಿಸಿಕೊಂಡವನು. ಮೊದಲ ಸ್ಥಾನವನ್ನೂ ಅವರು ಹಾಗೇ ಹಾಕಿದರು. ಸತ್ತವನಿಗೆ ಶಾಲು ಹೊದಿಸಲಾಗುವುದಿಲ್ಲ, ಇವನಿಗಾದರೂ ಹೊಟ್ಟೆ ತಣ್ಣಗಾಗಲಿ ಎಂದುಕೊಂಡರೋ, ಏನೋ... ಕೇಳೋಣವೆಂದರೆ ಅವರಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಮಗೆ ಒಂದು ಮಾತು ಹೇಳುತ್ತೇನೆ, ಚೌಕಾಸಿಯಲ್ಲಿ ಎದುರಿನವನು ಬೇಗ ಒಪ್ಪಿಕೊಂಡರೆ ಗೆದ್ದೆನೆಂದು ಎದ್ದು ಬರಬೇಡಿ. ಸ್ವಲ್ಪ ಕೂತು ಅವನ ಮುಖ ನೋಡಿ. ನಾನು ಅವತ್ತು ಟೀ ಲೋಟವನ್ನೇ ನೋಡುತ್ತಿದ್ದೆ.

ಮೊನ್ನೆ ಭಾನುವಾರ ಕ್ಲಬ್ಬಿನ ಹುಡುಗರು ಮ್ಯಾಟ್ ಹಾಸಿ, ಪೂಜೆ ಮಾಡಿ ನನ್ನನ್ನು ಕರೆದಿದ್ದರು. ಟೀವಿಯಲ್ಲಿ ಆಡುವ ರೈಡರುಗಳಲ್ಲಿ ಯಾರು ದೊಡ್ಡವನು ಎಂದು ಅವರೊಳಗೇ ಜಗಳ ನಡೆದಿತ್ತು. ಒಬ್ಬ ನನ್ನ ಕಡೆ ತಿರುಗಿ, ಅಂಕಲ್, ನಮ್ಮ ಕಡೆ ಯಾರಿದ್ದರು, ಒಂದೇ ಹೆಸರು ಹೇಳಿ ಎಂದ. ನನ್ನ ಊರು ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲವೆನ್ನುವವರು ಯಾರೂ ಇರಲಿಲ್ಲ.

ಉಯ್ಯಂಬಳ್ಳಿಯವನು ಎಂದೆ.

ನೀವು ನೋಡಿದ್ದೀರಾ ಎಂದು ಕೇಳಿದ. ಇಲ್ಲ, ನೋಡಿದವರೊಬ್ಬರು ಹೇಳಿದ್ದು ಎಂದೆ. ಅವರೆಲ್ಲಿ ಎಂದು ಕೇಳಿದ. ತೀರಿಕೊಂಡರು ಎಂದೆ. ಕನಕಪುರದ ಆ ಫೈನಲ್ಲನ್ನು ಹೇಳಿದೆ, ಮೂವರು ಬಿದ್ದದ್ದು, ತೆವಳಿದ್ದು, ಅಂಪೈರು ಬೆನ್ನು ತಟ್ಟಿದ್ದು. ಮೇಸ್ತ್ರಿ ಹೇಳಿದ ಹಾಗೆ ನನಗೆ ಹೇಳಲು ಬರಲಿಲ್ಲ. ಆದರೂ ಹುಡುಗರ ಕಣ್ಣು ಅರಳಿತು, ಒಬ್ಬ ಫೋನನ್ನು ಜೇಬಿಗೆ ಹಾಕಿದ. ನನಗೆ ಮತ್ತೆ ಅದೇ ಉರಿ, ಎದೆಯ ಅದೇ ಜಾಗದಲ್ಲಿ.

ಅವರು ಆಡಲು ಇಳಿದರು. ನಾನು ಗೆರೆಯ ಪಕ್ಕ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಎರಡನೆಯವನು ಯಾರು ಎಂದು ಒಬ್ಬನೂ ಕೇಳಲಿಲ್ಲ.