ಬಿರುಕಿನ ಪಕ್ಕದ ತಾರೀಖು

ಬಿಂಕದಕಟ್ಟಿ ಬಳಿಯ ಗಾಳಿಯಂತ್ರದ ಟೊಳ್ಳು ರೆಕ್ಕೆಯೊಳಗೆ ಅಂದಪ್ಪ ಒಬ್ಬನೇ ಕೂತಿದ್ದ. ಬೋಲ್ಟಿಗೆಂದು ಕೊರೆದ ತೂತಿನ ಸುತ್ತ ರೆಕ್ಕೆಯ ಗಾಜಿನ ನಾರು ತಿರುಗಿ ತಿರುಗಿ ದಣಿದು ಬಿರುಕು ಬಿಟ್ಟಿತ್ತು. ಬೆಟಗೇರಿಯ ಮಗ್ಗದಲ್ಲಿ ಎಳೆ ಕಡಿದರೆ ಆ ಕ್ಷಣವೇ ಕೂಡಿಸುತ್ತಿದ್ದ ಕೈ ಅವನದು. ಇಲ್ಲಿ ಕೂಡಿಸುವಂತಿಲ್ಲ, ತಿಂಗಳಿಗೊಮ್ಮೆ ಬಂದು, ಬಿರುಕು ಎಲ್ಲಿಯವರೆಗೆ ಬೆಳೆದಿದೆಯೋ ಆ ತುದಿಗೊಂದು ಗೆರೆ ಎಳೆದು, ತಾರೀಖು ಬರೆದು ಹೋಗಬೇಕು, ಅಷ್ಟೇ.

ಕೆಳಗಿದ್ದ ಇಂಜಿನಿಯರ್ ಪ್ರಿಯಾ ವಾಕಿಟಾಕಿಯಲ್ಲಿ ತಾರೀಖುಗಳನ್ನು ಕೇಳಿದಳು, ಅವನು ಗೆರೆಗಳ ಪಕ್ಕದಲ್ಲಿದ್ದುದನ್ನು ಒಂದೊಂದಾಗಿ ಓದಿದ.

“ಜುಲೈ ಆದಮ್ಯಾಲೆ ಸೀದಾ ಸೆಪ್ಟೆಂಬರ್ ಅಂದ್ರಲ್ರೀ ಅಂದಪ್ಪಣ್ಣ. ಆಗಸ್ಟಿಂದು ಎಲ್ಲೈತ್ರಿ?”

“ಆ ತಿಂಗಳ ಬಂದಿದ್ದಿಲ್ರೀ ಮೇಡಂ. ಮನ್ಯಾಗ ಕೆಲಸಿತ್ತು.”

ಆ ಎರಡು ಗೆರೆಗಳ ನಡುವೆ ಎರಡು ಬೆರಳಷ್ಟು ಖಾಲಿ ಜಾಗವಿತ್ತು. ವಾಕಿಟಾಕಿ ಸುಮ್ಮನಾದ ಮೇಲೆ, ಹೆಂಡತಿ ಬನಶಂಕರಿ ತೀರಿಕೊಂಡ ತಾರೀಖನ್ನು ಅಂದಪ್ಪ ಅಲ್ಲಿ ಬರೆದ.